ಲೌಟರ್‌ಬ್ರುನ್ನೆನ್ ಕಣಿವೆ: ಕುಟುಂಬ ಸಮೇತ ಸುಲಭ ನಡಿಗೆ – ಮುಖ್ಯಾಂಶಗಳು

ಸ್ಥಾನ
• ದೇಶ: ಸ್ವಿಟ್ಜರ್ಲೆಂಡ್, ಕ್ಯಾಂಟನ್: ಬರ್ನ್, ವಲಯ: ಬರ್ನೀಸ್ ಓಬರ್‌ಲ್ಯಾಂಡ್
• ಗ್ರಾಮದ ಎತ್ತರ: ಸಮುದ್ರ ಮಟ್ಟದಿಂದ ಸುಮಾರು 800 ಮೀ.
• ನದಿ: ಬಿಳಿ ಲುಚಿನೆ, ಕಪ್ಪು ಲುಚಿನೆಯೊಂದಿಗೆ ಸಂಗಮ – ಸ್ವೈಲುಚಿನೆನ್, ನೀರಿನ ಹಾದಿ – ಬ್ರಿಯೆಂಜ್ ಸರೋವರ, ಆರೆ, ರೈನ್, ಉತ್ತರ ಸಮುದ್ರ
• ಮೇಲಿನ ಶಿಖರಗಳು: ಐಗರ್ (3,967 ಮೀ.), ಮೊಂಕ್ (4,110 ಮೀ.), ಯುಂಗ್‌ಫ್ರಾವ್ (4,158 ಮೀ.)
• ಗೊಂದಲದ ಅಂಶ: ಮೂರರಲ್ಲಿ ಹೆಚ್ಚು ಪ್ರಸಿದ್ಧ ಐಗರ್, ಆದರೆ ಅತಿ ಕಡಿಮೆ ಎತ್ತರದ್ದೂ ಅದೇ, 4,000 ಮೀ. ಮುಟ್ಟದ ಏಕೈಕ ಶಿಖರ
• ಯುಂಗ್‌ಫ್ರಾವ್ ಪ್ರಥಮ ಆರೋಹಣ: 1811, ಐಗರ್: 1858, ಐಗರ್ ಉತ್ತರ ಮುಖ: 1938

ಭೂಸ್ವರೂಪ
• ವಿಧ: ಹಿಮನದಿ ಕೊರೆದ ‘ಯು’ ಆಕಾರದ ಕಣಿವೆ (ನದಿ ಕೊರೆದದ್ದು ‘ವಿ’ ಆಕಾರ)
• ತಳ ಸಮತಟ್ಟು, ಪಕ್ಕದ ಗೋಡೆ ಕಡಿದಾದ ಸುಣ್ಣಕಲ್ಲು. ನಡಿಗೆ ಸುಲಭವಾಗಲು ಈ ತಳವೇ ಕಾರಣ
• ಗೋಡೆಯ ನೆತ್ತಿಯಲ್ಲಿ ತೂಗು ಕಣಿವೆಗಳು; ಉಪಹಿಮನದಿಗಳ ಸವೆತ ಕಡಿಮೆ, ಆದ್ದರಿಂದ ತಳ ಎತ್ತರದಲ್ಲೇ ಉಳಿಕೆ; ಪರಿಣಾಮ – ಸಾಲು ಜಲಪಾತಗಳು
• ಪ್ರಚಲಿತ ಬಿರುದು: 72 ಜಲಪಾತಗಳ ಕಣಿವೆ (ಪ್ರವಾಸೋದ್ಯಮದ ಸಂಖ್ಯೆ)

ಜಲಪಾತಗಳು
• ಸ್ಟಾಬ್‌ಬಾಖ್: 297 ಮೀ.; ‘ಸ್ಟಾಬ್’ ಅಂದರೆ ಧೂಳು, ‘ಬಾಖ್’ ಅಂದರೆ ಹೊಳೆ; ನೆಲ ಮುಟ್ಟುವ ಮೊದಲೇ ನೀರು ತುಂತುರು; ಬಂಡೆ ಕೊರೆದು ಮಾಡಿದ ಕಾಲುಹಾದಿಯಿಂದ ಜಲಪಾತದ ಹಿಂಬದಿ ವೀಕ್ಷಣೆ
• ಹೋಲಿಕೆ: ಶಿವಮೊಗ್ಗ ಜಿಲ್ಲೆಯ ಜೋಗ – 253 ಮೀ. (ವ್ಯತ್ಯಾಸ 44 ಮೀ.; ನೀರಿನ ಪ್ರಮಾಣದ ಹೋಲಿಕೆ ಅಲ್ಲ)
• ಗಯಟೆ ಭೇಟಿ: 1779, ಫಲ – ‘ನೀರಿನ ಮೇಲೆ ಆತ್ಮಗಳ ಹಾಡು’ ಎಂಬ ಅರ್ಥದ ಶೀರ್ಷಿಕೆಯ ಜರ್ಮನ್ ಕವಿತೆ, ಸಂಗೀತ ಅಳವಡಿಕೆ – ಶೂಬರ್ಟ್
• ಟೋಲ್ಕಿನ್ ಭೇಟಿ: 1911, ಕಾದಂಬರಿಯ ‘ರಿವೆಂಡೆಲ್’ ಕಣಿವೆಗೆ ಪ್ರೇರಣೆ
• ಟ್ರುಮೆಲ್‌ಬಾಖ್: ಬೆಟ್ಟದ ಒಳಗೆ 10 ಜಲಪಾತಗಳ ಸರಣಿ, ಮೂಲ – ಐಗರ್, ಮೊಂಕ್, ಯುಂಗ್‌ಫ್ರಾವ್ ಹಿಮನದಿಗಳ ಕರಗು ನೀರು, ಗರಿಷ್ಠ ಹರಿವು ಸೆಕೆಂಡಿಗೆ 20,000 ಲೀಟರ್, ವರ್ಷಕ್ಕೆ ಸುಮಾರು 20,000 ಟನ್ ಕಲ್ಲು-ಮಣ್ಣು ಸಾಗಣೆ
• ಒಳಗೆ: ಸುರಂಗದ ಲಿಫ್ಟ್, ಒದ್ದೆ ಮೆಟ್ಟಿಲು, ಮಾತು ಕೇಳಿಸದಷ್ಟು ಮೊರೆತ, ಬೇಸಿಗೆಯಲ್ಲೂ ಸ್ವೆಟರ್ ಅಗತ್ಯ
• 4 ವರ್ಷದೊಳಗಿನ ಮಕ್ಕಳಿಗೆ, ನಾಯಿಗಳಿಗೆ ಪ್ರವೇಶ ನಿಷೇಧ. ಚಳಿಗಾಲದಲ್ಲಿ ಮುಚ್ಚುಗಡೆ (ಯೋಜನೆ ತಪ್ಪುವುದು ಹೆಚ್ಚಾಗಿ ಇಲ್ಲೇ)

ಮಾರ್ಗ
• ಲೌಟರ್‌ಬ್ರುನ್ನೆನ್ – ಸ್ಟಾಬ್‌ಬಾಖ್ – ಟ್ರುಮೆಲ್‌ಬಾಖ್ – ಸ್ಟೆಖೆಲ್‌ಬರ್ಗ್
• ದೂರ: ಸುಮಾರು 6 ಕಿ.ಮೀ.; ಏರು: ಸುಮಾರು 100 ಮೀ.; ಮಕ್ಕಳ ತಳ್ಳುಗಾಡಿ ಸಾಗುವ ಹಾದಿ
• ವಾಪಸಾತಿ: ಹಳದಿ ಪೋಸ್ಟ್ ಬಸ್, ಸಂಖ್ಯೆ 141, ಮಕ್ಕಳು ದಣಿದರೆ ನಡುವೆ ಟ್ರುಮೆಲ್‌ಬಾಖ್‌ನಲ್ಲೇ ಬಸ್ ಲಭ್ಯ
• ತಲುಪುವುದು: ಇಂಟರ್‌ಲಾಕನ್ ಓಸ್ಟ್‌ನಿಂದ ರೈಲು, ಸುಮಾರು 20 ನಿಮಿಷ, ಬರ್ನೀಸ್ ಓಬರ್‌ಲ್ಯಾಂಡ್ ರೈಲುಮಾರ್ಗ ಆರಂಭ – 1890
• ಸ್ವೈಲುಚಿನೆನ್‌ನಲ್ಲಿ ರೈಲು ಇಬ್ಭಾಗ: ಒಂದು ಭಾಗ ಲೌಟರ್‌ಬ್ರುನ್ನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ, ಹತ್ತುವ ಮೊದಲೇ ಬೋಗಿಯ ಫಲಕ ನೋಡುವುದು ಕಡ್ಡಾಯ
• ಸ್ವಿಸ್ ಟ್ರಾವೆಲ್ ಪಾಸ್: ಪಾಸ್ ಹೊಂದಿದ ಪೋಷಕರೊಂದಿಗೆ 6ರಿಂದ 16ರೊಳಗಿನ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್ ಮೂಲಕ ಉಚಿತ ಪ್ರಯಾಣ

ಫಲಕದ ಬಣ್ಣ
• ಹಳದಿ: ಸಾಮಾನ್ಯ ಕಾಲುಹಾದಿ – ಕುಟುಂಬಕ್ಕೆ ಇದೊಂದೇ
• ಬಿಳಿ-ಕೆಂಪು-ಬಿಳಿ: ಪರ್ವತ ಹಾದಿ, ಬಿಳಿ-ನೀಲಿ-ಬಿಳಿ: ಆಲ್ಪೈನ್ ಹಾದಿ
• ಕಷ್ಟದ ಮಾಪಕ: ಸ್ವಿಸ್ ಆಲ್ಪೈನ್ ಕ್ಲಬ್‌ನ (ಸ್ಥಾಪನೆ 1863) ಟಿ1ರಿಂದ ಟಿ6, ಅತಿ ಸುಲಭ – ಟಿ1
• ಸ್ವಿಸ್ ಸಂವಿಧಾನದಲ್ಲಿ ಕಾಲುಹಾದಿಗಳಿಗೆ ಸ್ಥಾನ: 1979ರ ಜನಮತಗಣನೆ, ಪ್ರಸ್ತುತ ವಿಧಿ 88
• ಹಾದಿಗಳ ಒಟ್ಟು ಉದ್ದ: 65,000 ಕಿ.ಮೀ.ಗೂ ಅಧಿಕ

ಸಮಯದ ಲೆಕ್ಕ
• ಫಲಕದ ಆಧಾರ: ಸಮತಟ್ಟಿನಲ್ಲಿ ಗಂಟೆಗೆ 4.2 ಕಿ.ಮೀ.; ವಿಶ್ರಾಂತಿ ಸೇರಿಲ್ಲ
• ನೈಸ್ಮಿತ್ ನಿಯಮ (1892): 5 ಕಿ.ಮೀ.ಗೆ 1 ಗಂಟೆ, ಜೊತೆಗೆ ಪ್ರತಿ 600 ಮೀ. ಏರಿಗೆ 1 ಗಂಟೆ
• ಅನ್ವಯ: 6 ಕಿ.ಮೀ. = 72 ನಿಮಿಷ; 100 ಮೀ. ಏರು = 10 ನಿಮಿಷ; ಒಟ್ಟು 82 ನಿಮಿಷ
• ಎರಡೂ ಸೂತ್ರ ವಯಸ್ಕರಿಗೆ. ಸಣ್ಣ ಮಕ್ಕಳಿದ್ದರೆ ದುಪ್ಪಟ್ಟು, ಟ್ರುಮೆಲ್‌ಬಾಖ್‌ಗೆ ಪ್ರತ್ಯೇಕ 1 ಗಂಟೆ

ಹವಾಮಾನ
• ಉಷ್ಣಾಂಶ ಇಳಿಕೆ: ಪ್ರತಿ 1,000 ಮೀ.ಗೆ ಸರಾಸರಿ 6.5 ಡಿಗ್ರಿ ಸೆ.
• ಸ್ಥಳೀಯ ಮಾರುತ: ಫಾನ್ – ಬೆಚ್ಚನೆಯ ಒಣ ಗಾಳಿ, ರಾಕಿ ಪರ್ವತಗಳಲ್ಲಿ ಇದರ ಸಮಾನ – ಚಿನೂಕ್
• ಬೇಸಿಗೆಯ ಗುಡುಗು-ಮಿಂಚು ಹೆಚ್ಚಾಗಿ ಮಧ್ಯಾಹ್ನದ ನಂತರ. ನಡಿಗೆ ಬೆಳಿಗ್ಗೆ ಸೂಕ್ತ

ಪ್ರಥಮಗಳು
• ಆಲ್ಪ್ಸ್‌ನ ಪ್ರಥಮ ನೈಸರ್ಗಿಕ ವಿಶ್ವ ಪರಂಪರೆ ತಾಣ: ಯುಂಗ್‌ಫ್ರಾವ್-ಅಲೆಚ್, 2001, ವಿಸ್ತರಣೆ – 2007
• ಆಲ್ಪ್ಸ್‌ನ ಅತಿ ದೊಡ್ಡ ಹಿಮನದಿ: ಅಲೆಚ್
• ಪ್ರಥಮ ಆಧುನಿಕ ಸ್ಲಾಲಮ್ ಸ್ಪರ್ಧೆ: ಮ್ಯುರೆನ್, 1922, ರೂವಾರಿ – ಆರ್ನಾಲ್ಡ್ ಲನ್
• ಯುಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣ: 3,454 ಮೀ., ಯುರೋಪಿನಲ್ಲೇ ಅತಿ ಎತ್ತರ. ಆರಂಭ – 1912. ರೂವಾರಿ – ಅಡಾಲ್ಫ್ ಗೈಯರ್-ಝೆಲ್ಲರ್

ಸುರಕ್ಷತೆ
• ಕರು ಇರುವ ಹಸುವಿನಿಂದ ದೂರ. ಹುಲ್ಲುಗಾವಲಿನ ಗೇಟು ದಾಟಿದ ಕೂಡಲೇ ಮುಚ್ಚುವುದು
• ಹುಲ್ಲುಗಾವಲು ಮೇವಿನ ಬೆಳೆ; ಬೇಸ್ ಜಂಪಿಂಗ್ ಇಳಿದಾಣವೂ ಹೌದು; ಮಕ್ಕಳು ಹಾದಿಯ ಮೇಲಷ್ಟೇ
• ಆಂಬ್ಯುಲೆನ್ಸ್: 144, ಪೊಲೀಸ್: 117, ಅಗ್ನಿಶಾಮಕ: 118
• ವಾಯು ರಕ್ಷಣೆ: ರೇಗಾ (ಸ್ಥಾಪನೆ 1952), ಕರೆ ಸಂಖ್ಯೆ 1414
• ಆಲ್ಪೈನ್ ಅಪಾಯ ಸಂಕೇತ: ನಿಮಿಷಕ್ಕೆ 6 ಬಾರಿ ಸೀಟಿ ಅಥವಾ ಬೆಳಕು, ಬಳಿಕ 1 ನಿಮಿಷ ವಿರಾಮ, ಉತ್ತರ ಸಂಕೇತ – ನಿಮಿಷಕ್ಕೆ 3 ಬಾರಿ