ಹೊಳೆಯ ಜೊತೆಗೊಂದು ಹಾದಿ

ಊರಿನಿಂದ ಊರಿಗೆ ಹೋಗಲು ಎರಡು ಬಗೆಯ ದಾರಿಗಳುಂಟು. ಒಂದು ಬೇಗನೆ ಮುಟ್ಟಿಸುವ ದಾರಿ. ಇನ್ನೊಂದು ನೋಡುತ್ತ ಸಾಗುವ ದಾರಿ. 2023ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿ ಮೊದಲನೆಯ ಬಗೆಯದು. ಅದು ಶ್ರೀರಂಗಪಟ್ಟಣವನ್ನು ಪಕ್ಕಕ್ಕೆ ಬಿಟ್ಟು ಮುಂದೆ ಧಾವಿಸುತ್ತದೆ. ಎರಡನೆಯ ಬಗೆಯ ದಾರಿಯನ್ನು ಬಯಸುವವರು ಆ ಪಟ್ಟಣದಿಂದಲೇ ಹೊರಟು, ಅರಕೆರೆ, ಬನ್ನೂರುಗಳ ಮೇಲೆ ಹಾಯ್ದು, ಕಾವೇರಿಯ ಜೊತೆಯಲ್ಲಿ ತಲಕಾಡಿನವರೆಗೆ ಸಾಗಬೇಕು.

ಹೊರಡುವ ಮುನ್ನ ಶ್ರೀರಂಗಪಟ್ಟಣದ ಹಳೆಯ ಕಲ್ಲುಸೇತುವೆಯನ್ನು ನೋಡುವುದು ಒಳ್ಳೆಯದು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ನಿರ್ಮಾಣಗೊಂಡ ಈ ಸೇತುವೆಯ ಕಲ್ಲುಕಂಬಗಳು ಎಷ್ಟೋ ನೆರೆಗಳನ್ನು ಕಂಡಿವೆ. ಮುಂದೆ ದಾರಿಯುದ್ದಕ್ಕೂ ಬತ್ತದ ಗದ್ದೆ, ಕಬ್ಬಿನ ತೋಟ, ತೆಂಗಿನ ಸಾಲು. ಹೊಳೆಯು ಎಲ್ಲೆಡೆಯೂ ಕಣ್ಣಿಗೆ ಬೀಳುವುದಿಲ್ಲ. ಆದರೆ ಹಿಂದಿನವರು ಅದಕ್ಕೆ ಅಡ್ಡಲಾಗಿ ಕಟ್ಟಿದ ಕಟ್ಟೆಗಳಿಂದ ಹೊರಟ ನಾಲೆಗಳು ಅದರ ಇರವನ್ನು ಹೆಜ್ಜೆಹೆಜ್ಜೆಗೂ ಸಾರುತ್ತವೆ. ಗಿಡ್ಡಕಾಲಿನ, ಮೈದುಂಬಿದ ಕುರಿಗಳ ಮಂದೆ ಎದುರಾದರೆ ಬನ್ನೂರು ಸಮೀಪಿಸಿತೆಂದು ತಿಳಿಯಬಹುದು. ಆ ತಳಿಗೆ ಈ ಊರಿನ ಹೆಸರೇ ನಿಂತಿದೆ.

ಬನ್ನೂರಿನಿಂದ ಅನತಿದೂರದಲ್ಲಿ ಸೋಮನಾಥಪುರ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 1258ರಲ್ಲಿ ಕಟ್ಟಿಸಿದ ಕೇಶವ ದೇವಾಲಯ ಇಲ್ಲಿದೆ. ಮಲ್ಲಿತಮ್ಮನೇ ಮೊದಲಾದ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಬೇಲೂರು, ಹಳೇಬೀಡುಗಳೊಡನೆ ಈ ಗುಡಿಯೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತು. ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯು ಕಾವೇರಿಯನ್ನು ಕೂಡುತ್ತಾಳೆ. ಕಣ್ಣಿಗೆ ಕಾಣದ ಮೂರನೆಯದೊಂದು ತೀರ್ಥವೂ ಇಲ್ಲಿ ಸೇರುತ್ತದೆಂಬುದು ಜನರ ನಂಬಿಕೆ.

ಪಯಣದ ಕೊನೆಯ ಊರು ತಲಕಾಡು. ಗಂಗರಿಗೆ ರಾಜಧಾನಿಯಾಗಿದ್ದ ಈ ನಗರವನ್ನು ಚೋಳರಿಂದ ಗೆದ್ದುಕೊಂಡ ವಿಷ್ಣುವರ್ಧನನು ‘ತಲಕಾಡುಗೊಂಡ’ನೆಂದು ಬಿರುದಾಂತನು. ಇಂದು ಅಲ್ಲಿ ಕಾಣುವುದು ಮರಳಿನ ದಿಬ್ಬಗಳು. ಗುಡಿಗಳನ್ನು ಮರಳು ತೋಡಿಯೇ ದರ್ಶಿಸಬೇಕಾಯಿತು. ಅಲಮೇಲಮ್ಮನ ಶಾಪವೇ ಇದಕ್ಕೆ ಕಾರಣವೆಂದು ಜನಪದರು ಹೇಳುತ್ತಾರೆ. ವಿದ್ವಾಂಸರ ವಿವರಣೆ ಬೇರೆ: ಮಾಧವಮಂತ್ರಿಯ ಹೆಸರಿನ ಕಟ್ಟೆಯಿಂದ ನೀರಿನ ಹರಿವು ಕುಗ್ಗಿ, ಹೊಳೆಯ ಪಾತ್ರದ ಮರಳು ಬಯಲಾಯಿತು, ಗಾಳಿಯು ಅದನ್ನು ಊರಿನ ಮೇಲೆ ತೂರಿತು. ಹೊಲಗಳಿಗೆ ನೀರುಣಿಸಿದ ಕಟ್ಟೆಯೇ ಊರಿಗೆ ಮರಳು ಹೊದಿಸಿತೆಂಬುದು ಈ ವಿವರಣೆಯ ಸಾರ.

ತಲಕಾಡಿಗೆ ಹೊರೆಯಾದ ಮರಳಿಗೆ ಇಂದು ಮನೆ ಕಟ್ಟುವವರಲ್ಲಿ ಬಹಳ ಬೇಡಿಕೆ. ಅಳತೆಮೀರಿ ತೋಡಿದಲ್ಲಿ ಹೊಳೆಯ ಪಾತ್ರ ಆಳಕ್ಕಿಳಿಯುತ್ತದೆ, ದಡದ ಬಾವಿಗಳ ನೀರು ತಗ್ಗುತ್ತದೆ, ಸೇತುವೆಗಳ ಬುಡ ಸಡಿಲಗೊಳ್ಳುತ್ತದೆ. ಹೊಳೆಗೆ ನಾವು ಮಾಡುವ ಯಾವ ಕೆಲಸವೂ ಹೊಳೆಯಲ್ಲಿಯೇ ಮುಗಿಯುವುದಿಲ್ಲ. ಅದು ಊರಿನೊಳಕ್ಕೂ ನಡೆದುಬರುತ್ತದೆ. ಹೆದ್ದಾರಿಯ ವೇಗದಲ್ಲಿ ಈ ಮಾತು ಹೊಳೆಯದು. ಆದುದರಿಂದ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಳ್ಳ ಹೊಳೆಗಳ ದಡದಲ್ಲಿ ಒಂದಿಷ್ಟು ದೂರವಾದರೂ ನಿಧಾನವಾಗಿ ನಡೆದು ನೋಡಬೇಕು. ನೀರು ಎಲ್ಲಿಂದ ಬರುತ್ತದೆ, ಯಾರ ಗದ್ದೆಗೆ ಹೋಗುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಅರಿತವನೇ ಅದನ್ನು ಉಳಿಸಬಲ್ಲನು.