ಜಿನ್ನ್‌ಗಳನ್ನು ಆಳುವ ಹಂಬಲ



ಮಂತ್ರ ಹೇಳಿ ಅದೃಶ್ಯ ಜೀವಿಯೊಂದನ್ನು ಕರೆಸುವುದು, ಅದನ್ನು ಬಂಧಿಸಿ ತನ್ನ ಪರವಾಗಿ ಹೋರಾಡಿಸುವುದು ಇಂದಿನ ಅನೇಕ ಆಟಗಳಲ್ಲಿದೆ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಈ ಬಗೆಯ ಆಟಗಳ ಪೈಕಿ ಪ್ರಸಿದ್ಧವಾದುದು. ಮೊಬೈಲ್ ಬಂದ ಮೇಲೆ ಇಂಥ ಆಟಗಳಿಗೆ ರಾಬರ್ಟ್‌ಸನ್‌ಪೇಟೆಯೂ ದೂರವಲ್ಲ, ಬಂಗಾರಪೇಟೆಯೂ ದೂರವಲ್ಲ. ಮಗ ಇದನ್ನು ಆಡಿದರೆ ಅವನ ಈಮಾನಿಗೆ ಧಕ್ಕೆಯಾಗುವುದೇ?

ಆತುರದ ತೀರ್ಪು ಬೇಡ. ಹಝ್ರತ್ ಆಯಿಶಾ(ರ)ರ ಬಳಿ ಎರಡು ರೆಕ್ಕೆಗಳಿದ್ದ ಆಟದ ಕುದುರೆಯೊಂದಿತ್ತು. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿವರ್ಯರು(ಸ) ಕೇಳಿದಾಗ, ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುವಲ್ಲವೇ ಎಂದು ಅವರು ಮರುಪ್ರಶ್ನಿಸಿದರು. ಪ್ರವಾದಿವರ್ಯರು(ಸ) ನಕ್ಕರು. ಅಬೂದಾವೂದ್‌ನಲ್ಲಿರುವ ಈ ಹದೀಸ್, ಮಗುವಿನ ಕಲ್ಪನೆಯೇ ಪಾಪವಲ್ಲವೆಂದು ಕಲಿಸುತ್ತದೆ. ಆದರೆ ಆಟದ ಹೆಸರಿನಲ್ಲಿ ಅದೃಶ್ಯ ಶಕ್ತಿಗಳನ್ನು ನಿಜವಾಗಿಯೇ ಕರೆಯತೊಡಗಿದರೆ ಅದು ಆಟವಾಗಿ ಉಳಿಯುವುದಿಲ್ಲ.

ಇನ್ನೊಂದು ಪ್ರಶ್ನೆಯೂ ಇದೆ. ಜಿನ್ನ್‌ಗಳೂ ಮನುಷ್ಯರಂತೆ ಅಲ್ಲಾಹನ ಆರಾಧನೆಗಾಗಿಯೇ ಸೃಷ್ಟಿಸಲ್ಪಟ್ಟವರು (51:56). ಅಲ್ಲಾಹನ ದಾಸರನ್ನು ತನ್ನ ದಾಸರನ್ನಾಗಿ ಮಾಡಿಕೊಳ್ಳುವ ಅಧಿಕಾರ ಯಾರಿಗಿದೆ? ಸುಲೈಮಾನ್(ಅ)ರಿಗೆ ಅವರು ಅಧೀನರಾದುದು ಮಂತ್ರಬಲದಿಂದಲ್ಲ, ಅಲ್ಲಾಹನ ಅಪ್ಪಣೆಯಿಂದ. ಒಮ್ಮೆ ನಮಾಝ್ ಕೆಡಿಸಲು ಬಂದ ಇಫ್ರೀತನೊಬ್ಬ ಪ್ರವಾದಿವರ್ಯರ(ಸ) ಕೈಗೆ ಸಿಕ್ಕನು. ಅವನನ್ನು ಮಸೀದಿಯ ಕಂಬಕ್ಕೆ ಕಟ್ಟಬೇಕೆಂದಿದ್ದ ಅವರು, ತನ್ನ ಬಳಿಕ ಯಾರಿಗೂ ಸಿಗದ ಆಧಿಪತ್ಯಕ್ಕಾಗಿ ಸುಲೈಮಾನ್(ಅ) ಮಾಡಿದ್ದ ಪ್ರಾರ್ಥನೆಯನ್ನು ನೆನೆದು ಬಿಟ್ಟುಬಿಟ್ಟರು. ಕೈಗೆ ಸಿಕ್ಕವನನ್ನೇ ಪ್ರವಾದಿವರ್ಯರು(ಸ) ಬಿಟ್ಟರು. ಹೀಗಿರುವಾಗ, ಹಣ ಪಡೆದು ಜಿನ್ನ್‌ಗಳನ್ನು ವಶಪಡಿಸಿಕೊಡುವೆನೆಂಬ ಆಮಿಲನ ಮಾತಿಗೆ ಏನು ಬೆಲೆ?

ನಿಜವಾದ ಅಪಾಯ ಇಲ್ಲಿದೆ. ಮೊಬೈಲ್ ಆಟಕ್ಕೆ ಮಗನನ್ನು ಗದರಿಸುವ ಮನೆಯವರೇ, ಮಗಳಿಗೆ ಮೂರ್ಛೆ ಬಂದಾಗ ವೈದ್ಯರನ್ನು ಬಿಟ್ಟು ಆಮಿಲನ ಬಾಗಿಲು ತಟ್ಟಿದರೆ, ಮಗ ಯಾವುದನ್ನು ನಂಬಬೇಕು? ಜಿನ್ನ್‌ಗಳ ಆಶ್ರಯ ಬೇಡಿದ ಮನುಷ್ಯರ ಕೇಡು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲವೆಂದು ಸೂರಃ ಅಲ್‌ಜಿನ್ನ್ ತಿಳಿಸುತ್ತದೆ (72:6). ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ನಿಧಿಯ ಆಸೆಯಿಂದ ವಾಮಾಚಾರದ ಹೆಸರಿನಲ್ಲಿ ಅಮಾನವೀಯ ಕೃತ್ಯ ನಡೆಸುವುದು ಕರ್ನಾಟಕದ 2017ರ ಕಾಯ್ದೆಯಂತೆ ಅಪರಾಧವೂ ಹೌದು. ಈ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ.

ನಿಧಿಯ ಮಾತು ಬಂದಾಗ ಕೋಲಾರದ ಚಿನ್ನದ ಗಣಿಯನ್ನು ನೆನೆಯಿರಿ. ಚಾಂಪಿಯನ್ ರೀಫ್‌ನಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳದಿಂದ ಚಿನ್ನ ತೆಗೆದದ್ದು ಜಿನ್ನ್‌ಗಳಲ್ಲ, ಕಾರ್ಮಿಕರ ಕೈಗಳು. 2001ರಲ್ಲಿ ಗಣಿ ಮುಚ್ಚಿದ ಮೇಲೆ, ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರೂ ಮನೆ ನಡೆಸುತ್ತಿರುವುದು ಕೈಗಳ ದುಡಿಮೆಯಿಂದಲೇ. ಸುಲೈಮಾನ್(ಅ)ರ ತಂದೆ ದಾವೂದ್(ಅ) ಸ್ವಂತ ಕೈಗಳ ದುಡಿಮೆಯಿಂದ ಉಣ್ಣುತ್ತಿದ್ದರೆಂದು ಪ್ರವಾದಿವರ್ಯರು(ಸ) ಪ್ರಶಂಸಿಸಿದ್ದಾರೆ.

ಆದ್ದರಿಂದ ಮಗನ ಬಳಿ ಕುಳಿತು ಆ ಆಟವನ್ನು ಒಮ್ಮೆ ನೋಡಿರಿ. ಕಥೆ ಯಾವುದು, ನಂಬಿಕೆ ಯಾವುದು ಎಂಬುದನ್ನು ಬಿಡಿಸಿ ಹೇಳಿರಿ. ನಮಾಝಿನ ವೇಳೆಯನ್ನೂ ಓದಿನ ವೇಳೆಯನ್ನೂ ತಿನ್ನುವ ಆಟವಾದರೆ ತಡೆಯಿರಿ. ಮಲಗುವಾಗ ಅವನೊಂದಿಗೆ ಆಯತುಲ್ ಕುರ್ಸೀ ಓದಿರಿ. ಅಲ್ಲಾಹನ ರಕ್ಷಣೆಯಲ್ಲಿರುವವನಿಗೆ ಯಾವ ಜಿನ್ನ್‌ನ ಸೇವೆಯೂ ಬೇಕಾಗಿಲ್ಲ, ಯಾವ ಜಿನ್ನ್‌ನ ಭಯವೂ ಬೇಕಾಗಿಲ್ಲ.