ಕಾಮಾಲೆಯ ಕೂಸಿಗೆ ಎಣ್ಣೆ ವರ್ಜ್ಯವೇ?



ವೈದ್ಯಕೀಯ ನೆರವು ಕೋರಿ ಬರುವ ಅರ್ಜಿಗಳಲ್ಲಿ ಎಳೆಗೂಸುಗಳ ಯಕೃತ್ತಿನ ಕಾಯಿಲೆಯವೂ ಇರುತ್ತವೆ. ಶಸ್ತ್ರಚಿಕಿತ್ಸೆಯ ಅಂದಾಜು ಪಟ್ಟಿಯ ಜೊತೆಗೆ ‘ಎಂಸಿಟಿ ಎಣ್ಣೆ’, ‘ವಿಶೇಷ ಹಾಲಿನ ಪುಡಿ’ ಎಂಬ ಬಿಲ್ಲುಗಳೂ ಬರುತ್ತವೆ. ಆಹಾರದ ಖರ್ಚನ್ನು ಸಂಘ ಏಕೆ ಕೊಡಬೇಕು ಎಂದು ಕೆಲವರು ಕೇಳುತ್ತಾರೆ. ಕಾಮಾಲೆಗೆ ಎಣ್ಣೆ, ತುಪ್ಪ ಪಥ್ಯ ಎಂದು ಹಿರಿಯರಿಂದ ಕೇಳುತ್ತ ಬಂದ ನಮಗೆ ಈ ಪ್ರಶ್ನೆ ಸಹಜವೇ. ಆದ್ದರಿಂದ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ನಾವು ತಿಂದ ಕೊಬ್ಬು ಜೀರ್ಣವಾಗಲು ಯಕೃತ್ತಿನಿಂದ ಕರುಳಿಗೆ ಪಿತ್ತರಸ ಹರಿದುಬರಬೇಕು. ಬಿಲಿಯರಿ ಅಟ್ರೀಸಿಯ ಎಂಬ ಕಾಯಿಲೆಯಲ್ಲಿ ಪಿತ್ತನಾಳಗಳು ಮುಚ್ಚಿಹೋಗಿರುತ್ತವೆ. ಪಿತ್ತರಸ ಕರುಳು ತಲುಪುವುದಿಲ್ಲ. ಮಗು ಹಾಲು ಕುಡಿದರೂ ಅದರಲ್ಲಿನ ಕೊಬ್ಬಿನ ಬಹುಭಾಗ ಮಲದಲ್ಲಿ ಹೊರಹೋಗುತ್ತದೆ, ಮಗು ಸೊರಗುತ್ತದೆ. ಇಂಥ ಕೂಸಿಗೆ ಕೊಬ್ಬನ್ನೇ ನಿಲ್ಲಿಸಿದರೆ ಹಸಿವಿನ ಮೇಲೆ ಹಸಿವು ಹೇರಿದಂತೆ. ಬೇಕಾದದ್ದು ಮೈಗೆ ಹತ್ತುವಂಥ ಕೊಬ್ಬು.

ಎಂಸಿಟಿ ಅಂಥ ಕೊಬ್ಬು. ಇದರ ಕಣಗಳು ಚಿಕ್ಕವು. ಹೆಚ್ಚು ಪಿತ್ತರಸದ ಹಂಗಿಲ್ಲದೆ ಕರುಳಿನಿಂದ ನೇರವಾಗಿ ರಕ್ತಕ್ಕೆ ಸೇರುತ್ತವೆ. ಒಂದು ಗ್ರಾಂಗೆ ಸುಮಾರು 8 ಕ್ಯಾಲರಿ ಶಕ್ತಿ ಸಿಗುತ್ತದೆ. ಕೊಬ್ಬರಿ ಎಣ್ಣೆಯೇ ಸಾಲದೇ ಎಂದು ಕರಾವಳಿಯ ನಮ್ಮ ಬಂಧುಗಳು ಕೇಳಬಹುದು. ಎಂಸಿಟಿಯನ್ನು ಅದರಿಂದ ತೆಗೆಯುವುದು ನಿಜ. ಆದರೆ ಕೊಬ್ಬರಿ ಎಣ್ಣೆಯ ಅರ್ಧದಷ್ಟು ಲಾರಿಕ್ ಆಮ್ಲ. ಅದು ಅಷ್ಟು ಸುಲಭವಾಗಿ ಹೀರಲ್ಪಡುವುದಿಲ್ಲ. ಆದ್ದರಿಂದ ಒಂದರ ಬದಲು ಇನ್ನೊಂದು ಆಗದು.

ಹಾಗೆಂದು ಎಂಸಿಟಿ ಒಂದೇ ಸಾಲದು. ಮೆದುಳಿನ ಬೆಳವಣಿಗೆಗೆ ಅಗತ್ಯವಾದ ಲಿನೋಲಿಯಿಕ್ ಮುಂತಾದ ಕೊಬ್ಬಿನಾಮ್ಲಗಳು ಅದರಲ್ಲಿಲ್ಲ. ಅದಕ್ಕಾಗಿ ಸಾಮಾನ್ಯ ಕೊಬ್ಬೂ ಒಂದಿಷ್ಟು ಇರಲೇಬೇಕು. ತಾಯಿಹಾಲನ್ನು ವೈದ್ಯರು ಹೇಳದ ಹೊರತು ಬಿಡಿಸಬಾರದು. ಎಂಸಿಟಿ ಎಣ್ಣೆಯನ್ನು ಹಾಲಿಗೆ, ಆರು ತಿಂಗಳ ನಂತರ ರಾಗಿ ಸರಿಗೆ, ವೈದ್ಯರು ಬರೆದುಕೊಟ್ಟ ಅಳತೆಯಲ್ಲಿ ಬೆರೆಸುತ್ತಾರೆ. ಒಮ್ಮೆಲೇ ಹೆಚ್ಚು ಕೊಟ್ಟರೆ ಭೇದಿಯಾಗುತ್ತದೆ; ಒಗ್ಗರಣೆಗೆ, ಕರಿಯಲು ಇದು ತಕ್ಕುದಲ್ಲ.

ಇಂಥ ಮಕ್ಕಳಿಗೆ ಅದೇ ವಯಸ್ಸಿನ ಆರೋಗ್ಯವಂತ ಮಗುವಿಗಿಂತ ಕಾಲುಭಾಗದಿಂದ ಅರ್ಧದಷ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ. ಕೊಬ್ಬಿನ ಜೊತೆ ಹೀರಲ್ಪಡುವ ಎ, ಡಿ, ಇ, ಕೆ ವಿಟಮಿನ್‌ಗಳನ್ನೂ ಬೇರೆಯಾಗಿ ಕೊಡಬೇಕು. ಕೆ ಕೊರತೆಯಾದರೆ ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ಹೊಟ್ಟೆಯಲ್ಲಿ ನೀರು ತುಂಬಿದಾಗ ತೂಕ ಹೆಚ್ಚಿದಂತೆ ಕಾಣುತ್ತದೆ. ಅದಕ್ಕೆ ವೈದ್ಯರು ತೋಳಿನ ಸುತ್ತಳತೆಯನ್ನೂ ನೋಡುತ್ತಾರೆ.

ಪಿತ್ತ ಹರಿಯಲು ದಾರಿ ಮಾಡುವ ಕಸಾಯಿ ಶಸ್ತ್ರಚಿಕಿತ್ಸೆ ಜಪಾನಿನ ಡಾ. ಮೊರಿಯೊ ಕಸಾಯಿ ಅವರ ಕೊಡುಗೆ. ಹುಟ್ಟಿದ 60 ದಿನಗಳೊಳಗೆ ಆದರೆ ಫಲ ಹೆಚ್ಚು. ಆದರೂ ಅನೇಕ ಮಕ್ಕಳಿಗೆ ಮುಂದೆ ಯಕೃತ್ ಕಸಿ ಬೇಕಾಗುತ್ತದೆ. ನಮ್ಮ ದೇಶದಲ್ಲಿ ಮಗುವಿಗೆ ಮೊದಲ ಯಶಸ್ವಿ ಕಸಿ ನಡೆದದ್ದು 1998ರಲ್ಲಿ, ದೆಹಲಿಯಲ್ಲಿ. ಆ ಮಗುವಿಗಿದ್ದದ್ದೂ ಇದೇ ಕಾಯಿಲೆ. ಮೈತುಂಬಿಕೊಂಡ ಮಗು ಕಸಿಯನ್ನು ತಾಳಿಕೊಳ್ಳುತ್ತದೆ. ಸೊರಗಿದ ಮಗುವಿಗೆ ಅಪಾಯ ಹೆಚ್ಚು. ಲಕ್ಷಗಟ್ಟಲೆ ವೆಚ್ಚದ ಕಸಿ ಫಲಿಸಬೇಕಾದರೆ ಅದಕ್ಕೂ ಮುಂಚಿನ ತಿಂಗಳುಗಳ ಆಹಾರ ಸರಿಯಿರಬೇಕು. ಆ ಬಿಲ್ಲುಗಳನ್ನು ಔಷಧದ ಬಿಲ್ಲೆಂದೇ ಸಂಘ ಎಣಿಸುವುದು ಈ ಕಾರಣಕ್ಕೆ.

ಕೊನೆಯದಾಗಿ ಹಣ ಬೇಡದ ಒಂದು ಸಹಾಯ. ನಿಮ್ಮ ಕಟ್ಟಡದಲ್ಲೋ ನೆಂಟರಲ್ಲೋ ಹುಟ್ಟಿದ ಕೂಸಿನ ಕಾಮಾಲೆ ಎರಡು ವಾರ ದಾಟಿದರೆ, ಮಲ ಸುಣ್ಣದಂತೆ ಬಿಳಚಿದ್ದರೆ, ಮೂತ್ರ ಬಟ್ಟೆಗೆ ಹಳದಿ ಕಲೆ ಹಿಡಿಸುತ್ತಿದ್ದರೆ, ಎಳೆಬಿಸಿಲಿಗೆ ಹಿಡಿಯುತ್ತ ಕಾಯಬೇಡಿ. ಅಂದೇ ಮಕ್ಕಳ ವೈದ್ಯರಲ್ಲಿಗೆ ಕಳುಹಿಸಿ. ನಿಮ್ಮ ಕಾಣಿಕೆಯಷ್ಟೇ ಬೆಲೆ ಆ ಒಂದು ಮಾತಿಗೂ ಇದೆ.